ಹಾಲ್‌ನಲ್ಲಿ ಚಾಪೆ ಹಾಸುವ ದಿನಗಳು

ಜೂನ್ 9, ಸೋಮವಾರ

ಮತ್ತೆ ಶುರು. ಬಿಳಿ ಹೋಗುವುದು. ಬಿಳಿ ಅಂದರೆ ಬಿಳಿಯೂ ಅಲ್ಲ — ನೀರಿನ ಹಾಗೆ ತಿಳಿ, ದಾಸವಾಳದ ಎಲೆ ಕಿವುಚಿದಂತೆ ಲೋಳೆ ಲೋಳೆ. ಅತ್ತೆಗೆ ಹೇಳುವುದು ಬೇಡ ಅಂದುಕೊಂಡಿದ್ದೆ. ಬೆಳಿಗ್ಗೆ ಎರಡು ಸಲ ಬಟ್ಟೆ ಬದಲಿಸಿದ್ದು ನೋಡಿದರು. ಮುಂಬೈ ದಹಿಸರಿನ ಒನ್ ಬಿಎಚ್‌ಕೆಯಲ್ಲಿ ಗುಟ್ಟು ಎಲ್ಲಿಡುವುದು!

“ಉಷ್ಣ ಆಗಿದೆ ನಿನಗೆ, ನಮಿತಾ. ಆಫೀಸಿನ ಎಸಿ ಎಲ್ಲ ಮೇಲಿನ ತಂಪು. ಒಳಗೆ ಬೆಂಕಿ ಉಂಟು.”

ಸರಿ, ಪಥ್ಯ. ಜೀರಿಗೆ ನೀರು, ಗಂಜಿ, ಮೀನು ಬಂದ್. ಮಲಗುವುದು ಹಾಲ್‌ನಲ್ಲಿ, ಅತ್ತೆಯ ಪಕ್ಕ ಚಾಪೆ ಹಾಸಿಕೊಂಡು, ಅದು ಒಣಗುವವರೆಗೆ. ಈ ಹೊತ್ತಿನಲ್ಲಿ ಗಂಡನ ಹತ್ತಿರ ಹೋದರೆ ಮೂಳೆಯ ಸತ್ವವೇ ಇಳಿದುಹೋಗುತ್ತದಂತೆ. ನಮ್ಮಮ್ಮನೂ ಇದನ್ನೇ ಹೇಳುತ್ತಿದ್ದಳು, ಹಾಗಾಗಿ ನಾನು ವಾದ ಮಾಡುವುದಿಲ್ಲ. ಧನರಾಜ್ ನನ್ನ ದಿಂಬು ತಂದುಕೊಟ್ಟು ಬೆಡ್‌ರೂಮಿಗೆ ಹೋದರು. ಮದುವೆಯಾಗಿ ನಾಲ್ಕು ವರ್ಷ. ಪಾಪ, ಅಭ್ಯಾಸ ಆಗಿಬಿಟ್ಟಿದೆ.

ಜೂನ್ 12, ಗುರುವಾರ. ಲೋಕಲ್ ಟ್ರೇನಿನಲ್ಲಿ

ಸೀಟ್ ಸಿಕ್ಕಿದೆ, ಬರೆಯುತ್ತಿದ್ದೇನೆ. ಲಿಫ್ಟ್‌ನಲ್ಲಿ ಮೇಲಿನ ಮನೆಯ ಆಂಟಿ ಕೇಳಿದರು — ಗುಡ್ ನ್ಯೂಸ್ ಕಬ್, ಯಾವಾಗ ಅಂತ. ನಕ್ಕೆ. ನಗುವುದು ಈಗ ಚೆನ್ನಾಗಿ ಬರುತ್ತದೆ.

ನನಗೆ ಮಗು ಬೇಕು. ಆಂಟಿಗೆ ಉತ್ತರ ಕೊಡಲಿಕ್ಕಲ್ಲ, ಅತ್ತೆಗಾಗಿಯೂ ಅಲ್ಲ. ನನಗೇ ಬೇಕು. ಇಬ್ಬರ ರಿಪೋರ್ಟೂ ನಾರ್ಮಲ್. ಹೀಗೆ ಬಿಳಿ ಹೋಗಿ ಹೋಗಿಯೇ ಗರ್ಭ ನಿಲ್ಲುತ್ತಿಲ್ಲ ಅನ್ನುವುದು ಅತ್ತೆಯ ಮಾತು. ಇರಬಹುದು. ಹಳೆಯ ಡಾಕ್ಟರ್ ಇದನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ… ನಾಚಿಕೆ. ಮಲಾಡ್‌ನಲ್ಲಿ ಆಫೀಸಿನ ಹತ್ತಿರ ಒಬ್ಬ ಲೇಡಿ ಡಾಕ್ಟರ್ ಇದ್ದಾರೆ, ಬೆಳಗಾವಿ ಕಡೆಯವರು. ನಿಲ್ಲಿಸುವ ಮಾತ್ರೆ ಕೇಳಬೇಕು.

ಜೂನ್ 14, ಶನಿವಾರ

ಡಾಕ್ಟರ್ ರೂಪಾಲಿ. ಹೇಳುವಾಗ ನೆಲ ನೋಡುತ್ತಿದ್ದೆ. ವಾಸನೆ? ಇಲ್ಲ. ತುರಿಕೆ, ಉರಿ? ಇಲ್ಲ. ಹಸಿರು, ಹಳದಿ, ಮೊಸರಿನ ಗಡ್ಡೆ ಥರ? ಇಲ್ಲ. ಪರೀಕ್ಷೆ ಮಾಡಿ ಕೈ ತೊಳೆದುಕೊಂಡು ಬಂದು ಕೂತರು.

“ಇದು ರೋಗ ಅಲ್ಲವ್ವಾ. ಮುಟ್ಟು ಮುಗಿದ ಮ್ಯಾಲೆ ಸ್ವಲ್ಪ ದಿನ ಒಣಾ ಇರ್ತದ. ಆಮ್ಯಾಲೆ ಕೆನಿ ಹಂಗ ಗಟ್ಟಿ. ಅಂಡಾಣು ಬಿಡೂ ಹೊತ್ತಿಗೆ ಹಿಂಗ ತಿಳಿ ಲೋಳಿ, ಎಳದ್ರ ಹರಿಯೂದಿಲ್ಲ. ಗಂಡಿನ ಬೀಜ ಒಳಗ ಹೋಗಾಕ ಅದೇ ದಾರಿ. ಮುಂದ ಮತ್ತ ಗಟ್ಟಿ ಆಗಿ ಕಡಿಮಿ ಆಗ್ತದ. ಮಗು ಬೇಕಂದ್ರ ಆ ಲೋಳಿ ದಿನಾನ ಛಲೋ. ಅವಾಗ ಇಬ್ಬರೂ ಕೂಡ್ತೀರಿಲ್ಲೋ?”

“ಇಲ್ಲ ಮ್ಯಾಡಮ್. ಆಗ ನಾನು ಹಾಲ್‌ನಲ್ಲಿ ಅತ್ತೆ ಜೊತೆ ಮಲಗುತ್ತೇನೆ.”

ಡಾಕ್ಟರ್ ಪೆನ್ ಕೆಳಗಿಟ್ಟರು. “ಪ್ರತಿ ತಿಂಗಳಾ?”

ಪ್ರತಿ ತಿಂಗಳು. ನಾಲ್ಕು ವರ್ಷ. ನಗು ಬಂತು, ಅವರಿಗೂ ಬಂತು. ಸ್ಟೇಷನ್ನಿಗೆ ನಡೆಯುವಾಗ ಸಿಟ್ಟು ಬಂತು. ಯಾರ ಮೇಲೆ ಅಂತ ತಿಳಿಯಲಿಲ್ಲ. ಒಂದು ಟ್ರೇನ್ ಬಿಟ್ಟೆ.

ಜೂನ್ 24, ಮಂಗಳವಾರ

ಮುಟ್ಟು. ಈ ಸಲ ಅಳಲಿಲ್ಲ. ಬರಲೇಬೇಕಿತ್ತಲ್ಲ. ಅತ್ತೆ ಮಾತ್ರ ಒಲೆಯ ಮುಂದೆ ನಿಂತು ಕಣ್ಣೊರೆಸಿಕೊಂಡರು. ನಮ್ಮನ್ನು ದೂರ ಮಲಗಿಸಿದ್ದು ಬೇರೆಯವರಾಗಿದ್ದರೆ ಜಗಳ ಆಡಬಹುದಿತ್ತು.

ಜುಲೈ 1, ಮಂಗಳವಾರ

ಒಣ ದಿನಗಳು. ಡಾಕ್ಟರ್ ಹೇಳಿದ ಹಾಗೇ. ನನ್ನ ಮೈಗೆ ಇಷ್ಟು ಶಿಸ್ತು ಇದೆ ಅಂತ ಗೊತ್ತೇ ಇರಲಿಲ್ಲ.

ಸಂಜೆ ಅತ್ತೆಗೆ ಹೇಳಿಬಿಟ್ಟೆ. ಬಸಳೆ ಹೆಚ್ಚುತ್ತಿದ್ದರು.

“ಡಾಕ್ಟರಿಗೆ ಎಂತ ಗೊತ್ತುಂಟು? ನಮ್ಮ ಹಿರಿಯರು ಸುಮ್ಮನೆ ಮಾಡಿದ್ದಾ ಇದೆಲ್ಲ?”

“ಗೊತ್ತಿಲ್ಲ ಅತ್ತೆ. ಆದರೆ ಈ ಸಲ ನಾನು ಹಾಲ್‌ಗೆ ಬರುವುದಿಲ್ಲ.”

ಜೀವನದಲ್ಲಿ ಮೊದಲ ಸಲ ಅವರೆದುರು ‘ಇಲ್ಲ’ ಅಂದದ್ದು. ಅತ್ತೆ ಬಸಳೆ ಹೆಚ್ಚುತ್ತಲೇ ಇದ್ದರು. ಊಟಕ್ಕೆ ತಟ್ಟೆ ತಂದು ಠಣ್ಣನೆ ಇಟ್ಟರು. ಧನರಾಜ್ ನನ್ನ ಮುಖ, ಅಮ್ಮನ ಮುಖ ನೋಡಿ ಸಾರು ಚೆನ್ನಾಗಿದೆ ಅಂದರು. ಸಾರು ಮಾಡಿಯೇ ಇರಲಿಲ್ಲ, ಅದು ಬಸಳೆ ಪದಾರ್ಥ.

ಜುಲೈ 4, ಶುಕ್ರವಾರ

ಕೆನೆ. ಅತ್ತೆಯದು ಇನ್ನೂ ಅಗತ್ಯಕ್ಕಷ್ಟೇ ಮಾತು. ತೆಂಗಿನಕಾಯಿ ತಾ, ಫ್ಯಾನ್ ಆರಿಸು. ತಪ್ಪು ಮಾಡಿದೆನೋ ಅನಿಸುತ್ತದೆ. ಮಾಡಿಲ್ಲ ಅಂತಲೂ ಅನಿಸುತ್ತದೆ.

ಜುಲೈ 6, ಭಾನುವಾರ. ಮಧ್ಯಾಹ್ನ

ಬೆಳಿಗ್ಗೆ ನಾನೇ ಹೋಗಿ ಹೇಳಿದೆ. “ಅತ್ತೆ, ಶುರುವಾಯಿತು.” ಸುಳ್ಳು ಹೇಳಿ ಬದುಕಲು ನನಗಾಗದು.

ಅತ್ತೆ ತಲೆ ಆಡಿಸಿದರು. ಸ್ನಾನ ಮಾಡಿ ಒಳ್ಳೆಯ ಸೀರೆ ಉಟ್ಟರು. ಬ್ಯಾಗ್ ತುಂಬಿದರು. ಭಾಂಡುಪ್‌ನಲ್ಲಿರುವ ಮಗಳು ಲಾವಣ್ಯಾಳ ಮನೆಗಂತೆ. ಸಿಟ್ಟಾಗಿ ಹೋಗುತ್ತಿದ್ದಾರೆ ಅಂದುಕೊಂಡೆ. ಬ್ಯಾಗ್ ಹಿಡಿದು ನಿಲ್ಲಿಸಿದೆ.

“ಬಿಡು ಮಾರಾಯ್ತಿ. ಒಂದು ಮಾತು ಕೇಳು. ಧನು ಹುಟ್ಟುವ ಮೊದಲು ಹನ್ನೊಂದು ವರ್ಷ ನನ್ನನ್ನು ಬಂಜೆ ಅಂದರು. ನನ್ನ ಅತ್ತೆಯೂ ನನ್ನನ್ನು ಹೀಗೇ ಪಕ್ಕದಲ್ಲಿ ಮಲಗಿಸಿಕೊಳ್ಳುತ್ತಿದ್ದದ್ದು. ಹನ್ನೊಂದನೆಯ ವರ್ಷ ಅವರು ಕಾಲು ಮುರಿದುಕೊಂಡು ಊರಿನಲ್ಲೇ ಉಳಿದರು, ಮುಂಬೈಗೆ ಬರಲಿಲ್ಲ.” ಸೆರಗು ಸರಿ ಮಾಡಿಕೊಂಡರು. “ನಾವು ಹರಕೆ ಫಲ ಕೊಟ್ಟಿತು ಅಂದುಕೊಂಡೆವು. ಐದು ದಿನದಿಂದ ಅದನ್ನೇ ಯೋಚನೆ ಮಾಡ್ತಾ ಇದ್ದೇನೆ.”

ಅವರ ಕೈ ಹಿಡಿದುಕೊಂಡೆ. ಇಬ್ಬರಿಗೂ ಅಳು. ರಿಕ್ಷಾದವನು ಹಾರ್ನ್ ಹೊಡೆದ.

“ಯಾವಾಗ ಬರ್ತೀರಿ ಅತ್ತೆ?”

“ಒಣಗಿದ ಮೇಲೆ ಫೋನ್ ಮಾಡು.”

ಫ್ರಿಜ್ಜಿನಲ್ಲಿ ನೋಡಿದರೆ ಬಂಗುಡೆ ಮೀನು, ಮಸಾಲೆ ಹಚ್ಚಿ ಇಟ್ಟಿದ್ದಾರೆ. ಮಧ್ಯಾಹ್ನ ಧನರಾಜ್‌ಗೆ ಕೆಲಸ ಮಾಡುವ ಹೋಟೆಲಿನಿಂದ ಸ್ವಲ್ಪ ಹೊತ್ತು ಬಿಡುವು. ಯಾವತ್ತೂ ಅಲ್ಲೇ ಸ್ಟಾಫ್ ರೂಮಿನಲ್ಲಿ ಮಲಗುತ್ತಾರೆ, ಇವತ್ತು ಬನ್ನಿ ಅಂದಿದ್ದೇನೆ. ಡಾಕ್ಟರ್ ಗ್ಯಾರಂಟಿ ಏನೂ ಕೊಟ್ಟಿಲ್ಲ. ಆದರೂ… ಬೆಲ್ ಆಯಿತು. ಬೆಡ್‌ಶೀಟ್ ಕೂಡ ಇನ್ನೂ