ಇಸ್ಕ್ರಾ ಉಣ್ಣುವ ಮೊದಲು

ಡಿಸೆಂಬರ್ 4, ಬೆಳಿಗ್ಗೆ 7
ಮತ್ತೆ ಹಾಲು, ರೊಟ್ಟಿ. ಇಸ್ಕ್ರಾ ಮತ್ತೆ ಹಾಗೇ ಬಿಟ್ಟಿದೆ. ಬಟ್ಟಲ ಮುಂದೆ ನಿಂತು ನನ್ನ ಮುಖ ನೋಡುತ್ತದೆ. ಜೊಲ್ಲು ಸುರಿಯುತ್ತದೆ, ಬಾಯಿ ಹಾಕುವುದಿಲ್ಲ. ಮಾರೆಕ್ ಹೋದಾಗಿನಿಂದ ಹೀಗೇ, ಮೂರು ದಿನ.
ಮಾರೆಕ್ ಎರಡು ವರ್ಷ ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ. ಪೋಲೆಂಡಿನವನು, ಸಕ್ಕರೆ ಕಾರ್ಖಾನೆಯಲ್ಲಿ ಟರ್ಬೈನ್ ಕೆಲಸ. ಮುಧೋಳದಿಂದ ನಾಯಿಮರಿ ತಂದು ಇಸ್ಕ್ರಾ ಎಂದು ಹೆಸರಿಟ್ಟ. ಕಾಂಟ್ರ್ಯಾಕ್ಟ್ ಮುಗಿಯಿತು. ತನ್ನೂರಿನ ಚಳಿ ಇದಕ್ಕೆ ಆಗದು ಎಂದು ನಮಗೆ ಬಿಟ್ಟು ಹೋದ. ಐ ವಿಲ್ ಮ್ಯಾನೇಜ್ ಎಂದವಳು ನಾನೇ.

ಡಿಸೆಂಬರ್ 6
ಬನಹಟ್ಟಿಯಿಂದ ಶ್ರೀಧರ ಡಾಕ್ಟರ್ ಬಂದು ಸಲೈನ್ ಹಚ್ಚಿದರು. ರೋಗವೇನೂ ಇಲ್ಲ. "ನಾಳಿಗೂ ತಿನ್ನಲಿಲ್ಲಂದ್ರ ಉಳಿಯೂದು ಕಷ್ಟ ಅದರೀ ಮೇಡಂ."
ಮಾರೆಕ್‌ಗೆ ಫೋನ್ ಮಾಡು ಎಂದು ಅತ್ತೆ ಹೇಳಿದರು, ನನ್ನ ಗಂಡ ಗೌರೀಶನೂ ಹೇಳಿದ. ಮಾಡಿಲ್ಲ. ಯಾಕೆ? ನಾಯಿಯ ಜೀವಕ್ಕಿಂತ ನಾನು ಕೊಟ್ಟ ಮಾತು ದೊಡ್ಡದೆ? ಬರೆದ ಮೇಲೆ ನಾಚಿಕೆಯಾಗುತ್ತಿದೆ.

ಡಿಸೆಂಬರ್ 7, ಮಧ್ಯಾಹ್ನ 1.30
ಮಾಡಿದೆ. ಮಾರೆಕ್ ಒಂದೇ ಪ್ರಶ್ನೆ ಕೇಳಿದ — ಊಟ ಇಟ್ಟು 'ಸ್ಮಚ್‌ನೆಗೊ' ಅನ್ನುತ್ತೀರಾ?
ಆ ಮಾತು ಗೊತ್ತು. ನಮ್ಮ ಜೊತೆ ಊಟಕ್ಕೆ ಕೂತಾಗೆಲ್ಲ ಅನ್ನುತ್ತಿದ್ದ. ಅವನ ಪ್ರಾರ್ಥನೆ ಎಂದುಕೊಂಡು ನಾವು ತಲೆ ತಗ್ಗಿಸಿ ಸುಮ್ಮನಿರುತ್ತಿದ್ದೆವು. ಅತ್ತೆ ಕೈಯನ್ನೂ ಮುಗಿಯುತ್ತಿದ್ದರು. ದೇವರಿಗಲ್ಲವಂತೆ. ಉಣ್ಣಲು ಕೂತವರಿಗೆ — ರುಚಿಯಾಗಿ ಊಟವಾಗಲಿ ಎಂದು. ಮನೆಯಲ್ಲಿ, ಆಫೀಸ್ ಕ್ಯಾಂಟೀನಿನಲ್ಲಿ, ರೈಲಿನಲ್ಲಿ ಡಬ್ಬಿ ಬಿಚ್ಚಿದ ಅಪರಿಚಿತರಿಗೂ. ಕೇಳಿದವರು 'ಥ್ಯಾಂಕ್ಸ್' ಅನ್ನಬೇಕು, ಇಲ್ಲವೇ 'ನಿಮಗೂ' ಅನ್ನಬೇಕು.
ಎರಡು ವರ್ಷ ನಮಗೇ ಹೇಳಿದ. ಒಬ್ಬರೂ ಉತ್ತರ ಕೊಡಲಿಲ್ಲ...
ಅದನ್ನು ಕೇಳದೆ ಬಾಯಿ ಹಾಕಬಾರದೆಂದು ಮರಿಯಿದ್ದಾಗಲೇ ಇಸ್ಕ್ರಾಗೆ ಕಲಿಸಿದ್ದ. ನಮಗೆ ಹೇಳುವುದನ್ನು ಮರೆತಿದ್ದ.

2 ಗಂಟೆ
ತಿಂದಿತು.
ಮೊದಲ ಸಲ ಹೇಳಿದಾಗ ಕಿವಿ ಮಾತ್ರ ನಿಮಿರಿತು. ನನ್ನ ಕಾನ್ವೆಂಟ್ ಉಚ್ಚಾರ. ಅವನ ಹಾಗೆ 'ನೆ' ಮೇಲೆ ಒತ್ತು ಕೊಟ್ಟು ಮತ್ತೆ ಹೇಳಿದೆ. ಬಟ್ಟಲನ್ನು ಗೋಡೆಯವರೆಗೂ ತಳ್ಳಿಕೊಂಡು ಹೋಗಿ ನೆಕ್ಕಿತು. ಗೆದ್ದೆ. ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ.

ಡಿಸೆಂಬರ್ 8
ಡಾಕ್ಟರ್ ಸಲೈನ್ ಬಾಟ್ಲಿ ಹಿಡಿದು ಬಂದರು. ಇಸ್ಕ್ರಾ ಅವರನ್ನು ಕಂಡದ್ದೇ ಅಂಗಳ ಸುತ್ತಿ ಓಡಿತು. ಓಡಿತು!
ಇವತ್ತು ತಾವೇ ಹೇಳುವುದಾಗಿ ಅತ್ತೆ ಹಟ ಹಿಡಿದರು. ಮೊದಲು, "ಸಾವಕಾಶ ಉಣ್ಣ ಬೇ." ಇಸ್ಕ್ರಾ ಅಲುಗಲಿಲ್ಲ. ಆಮೇಲೆ ಸೆರಗು ಸರಿಮಾಡಿಕೊಂಡು, ಗಂಭೀರವಾಗಿ, "ಸ್ಮಚನೇಗವ್ವ." ಅರ್ಧ ನಿಮಿಷದಲ್ಲಿ ಬಟ್ಟಲು ಖಾಲಿ.
"ನೋಡವಾ, ನಿನ್ನ ಇಂಗ್ಲಿಷ್ ಸಾಲಿಗಿಂತ ನಂದ ಛಲೋ ಐತಿ." ಡಾಕ್ಟರ ಎದುರಿಗೇ. ಒಪ್ಪಿಕೊಂಡೆ.

ಡಿಸೆಂಬರ್ 10, ರಾತ್ರಿ
ಊಟಕ್ಕೆ ಕೂತು ಮಾರೆಕ್‌ಗೆ ವಿಡಿಯೋ ಕಾಲ್. ಅವನ ಮುಂದೆ ಸೂಪು, ನಮ್ಮ ಮುಂದೆ ರೊಟ್ಟಿ, ಎಣ್ಣಿಗಾಯಿ. ಮೂವರೂ ಒಟ್ಟಿಗೆ ಹೇಳಿದೆವು — ಸ್ಮಚ್‌ನೆಗೊ. ಅವನು ಚಮಚ ಕೆಳಗಿಟ್ಟ. ಆಮೇಲೆ ಕನ್ನಡದಲ್ಲಿ, "ನಿಮಗೂ ರೀ."
ಅಷ್ಟರಲ್ಲಿ ಇಸ್ಕ್ರಾ, ಆ ಮಾತು ತನಗೇ ಎಂದುಕೊಂಡು, ಗೌರೀಶನ ತಾಟಿಗೆ —