ಎಣ್ಣೆ ಬದಲಿಸುವ ಹೊತ್ತು

ಗಾಳಿಗಂಬದ ಠಾಣೆ, ಕೊಪ್ಪಳದ ಬಯಲು
ದೂಳುಮಾಸದ ಮೂವತ್ತನಾಲ್ಕನೇ ದಿನ, ೨೧೮೬

ಮನೆಯ ಮುಂದೆ ಕಾರು ನಿಲ್ಲಿಸಿಕೊಂಡಿರುವ ಹಿರಿಯರಿಗೆ ಹುಲಿಗೆಮ್ಮನ ನಮಸ್ಕಾರ.

ತಾರೀಖು ನೋಡಿ, ತಪ್ಪು ಬರೆದಿದ್ದಾಳೆ ಅಂದುಕೊಳ್ಳಬೇಡಿ. ಬೇಸಿಗೆಯ ಕೊನೆಗೆ ನಮ್ಮಲ್ಲಿ ದೂಳು ಏಳುತ್ತದೆ. ಅದು ಇಳಿಯುವವರೆಗೂ ಒಂದೇ ತಿಂಗಳು ಎಂದು ಲೆಕ್ಕ. ನಿಮ್ಮ ಕಾಲದ ಕನ್ನಡ ನಾನು ಓದಿ ಕಲಿತದ್ದು. ಎಲ್ಲಾದರೂ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ.

ನಮ್ಮ ಜನರಲ್ಲಿ ಹೆಚ್ಚಿನವರು ಈಗ ತಂಪೂರಿನಲ್ಲಿದ್ದಾರೆ. ಅದು ಬಂಡೆ ಕೊರೆದು ನೆಲದೊಳಗೆ ಕಟ್ಟಿದ ಊರು. ಮೇಲೆ ಬಯಲಿನಲ್ಲಿ ಉಳಿದದ್ದು ಕುರಿಯವರ ಕೆಲವು ಹಟ್ಟಿಗಳು ಮತ್ತು ಈ ಠಾಣೆ. ಎತ್ತರದ ಕಂಬದ ಮೇಲೆ ಗಾಳಿ ಅಳೆದು ದಿನಾ ಬೆಳಿಗ್ಗೆ ರೇಡಿಯೋದಲ್ಲಿ ತಂಪೂರಿಗೆ ಹೇಳುವುದು ನನ್ನ ಕೆಲಸ. ಆಮೇಲೆ ಒದ್ದೆ ಬಟ್ಟೆಯಿಂದ ಕಿಟಕಿಯ ಸಂದುಗಳನ್ನು ಮುಚ್ಚುತ್ತೇನೆ, ಮುಚ್ಚಳದ ಲೋಟದಲ್ಲಿ ಮಜ್ಜಿಗೆ ಕುಡಿಯುತ್ತೇನೆ, ಮತ್ತೆ ಸಂಜೆ ಬಟ್ಟೆ ಬದಲಿಸುತ್ತೇನೆ. ಸಾಮಾನ್ಯ ದಿನಗಳಲ್ಲಿ ಓಡಾಡಲು ಬಿಸಿಲುಗಾಡಿಗಳಿವೆ. ದೂಳು ಸೂರ್ಯನನ್ನು ಮುಚ್ಚಿದರೆ ಅವು ನಿಂತಲ್ಲೇ ನಿಲ್ಲುತ್ತವೆ. ಆಗ ಯಾರಿಗಾದರೂ ಜೀವಕ್ಕೆ ಬಂದರೆ ಇರುವುದು ಒಂದೇ ದಾರಿ, ನಿಮ್ಮ ಕಾಲದ ಒಂದು ಡೀಸೆಲ್ ಕಾರು. ಹೊಂಗೆ ಎಣ್ಣೆ ಸುಟ್ಟು ಓಡುತ್ತದೆ, ಎಂಜಿನ್ನಿಗೆ ಔಡಲ, ಅಂದರೆ ಹರಳು ಬೀಜದಿಂದ ಮಾಡಿದ ಎಣ್ಣೆ. ಅದನ್ನು ನೋಡಿಕೊಳ್ಳುತ್ತಿದ್ದವನು ನನ್ನ ಅಣ್ಣ ಮೈಲಾರಿ. ಠಾಣೆಯಲ್ಲಿ ಇದ್ದದ್ದು ನಾವಿಬ್ಬರೇ.

ಹೋದ ವರ್ಷ ಇದೇ ಮಾಸದಲ್ಲಿ ಒಂದು ಬೆಳಿಗ್ಗೆ ಅಣ್ಣ ಏಳಲಿಲ್ಲ. ಹೊಟ್ಟೆಯ ಬಲಗಡೆ ಕೈ ಒತ್ತಿಕೊಂಡು ಮಲಗಿದ್ದ, ಮೈ ಕೆಂಡದಂತೆ ಸುಡುತ್ತಿತ್ತು. ತಂಪೂರಿನ ಆಸ್ಪತ್ರೆಗೆ ನಾನೇ ಕರೆದೊಯ್ಯುತ್ತೇನೆಂದು ಕಾರಿನ ಹೊದಿಕೆ ತೆಗೆದೆ. ಅವನು ಗೋಡೆ ಹಿಡಿದು ಹಿಡಿದು ಹೊರಗೆ ಬಂದು ಬಾನೆಟ್ ಎತ್ತಿಸಿದ. ಎಣ್ಣೆ ನೋಡುವ ಕಡ್ಡಿಯನ್ನು ಎಳೆದು, ತುದಿಯ ಹನಿಯನ್ನು ಎರಡು ಬೆರಳ ನಡುವೆ ತಿಕ್ಕಿದ.

“ಇದನ್ನ ತಗೀಬೇಕು ಹುಲಿಗಿ,” ಎಂದ.

“ವರ್ಷಪೂರ್ತಿ ಗಾಡಿ ನಿಂತೇ ಐತಿ. ಎಣ್ಣಿ ಹೆಂಗ ಕೆಡತೈತಿ? ಮೊದಲು ನಡಿ ಅಣ್ಣಾ.”

“ನಿಂತ್ರೂ ಕೆಡತೈತಿ. ಮೂಸಿ ನೋಡು, ಕಮಟು ವಾಸನಿ. ಅಳತಿ ಬರೋಬ್ಬರಿ ಐತಿ, ಆದ್ರ ಜಾರಬೇಕಾದ ಎಣ್ಣಿ ಅಂಟಾಕತ್ತೈತಿ. ನಡುಬಯಲಾಗ ಎಂಜಿನ್ ಹಿಡಕೊಂತಂದ್ರ ಇಬ್ಬರೂ ಅಲ್ಲೇ.”

ನನಗೆ ಸಿಟ್ಟು ಬಂದಿತ್ತು. ಆದರೂ ಕಾರಿನ ಕೆಳಗೆ ತೂರಿ ಬೋಲ್ಟ್ ಬಿಚ್ಚಿದೆ. ಎಣ್ಣೆ ಸುರಿಯಲಿಲ್ಲ, ಬೆಲ್ಲದ ಪಾಕದ ಹಾಗೆ ಎಳೆ ಎಳೆಯಾಗಿ ಇಳಿಯಿತು, ಕಡುಗಪ್ಪು. ಅಣ್ಣ ಕಲ್ಲಿನ ಮೇಲೆ ಕೂತು, ನೋವಿಗೆ ಹಲ್ಲು ಕಚ್ಚಿ, ಫಿಲ್ಟರ್ ಬದಲಿಸುವುದನ್ನು ಹೇಳಿಕೊಟ್ಟ. ಹೊಸ ಎಣ್ಣೆ ಹೊಯ್ದ ಮೇಲೆ ಕಡ್ಡಿಯನ್ನು ತಾನೇ ಮತ್ತೊಮ್ಮೆ ನೋಡಿದ. ಆಮೇಲೆ ಹೊರಟೆವು. ಮುಂದಿನ ಗಾಜಿನಾಚೆ ಕೆಂಪು ದೂಳು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಮಲಗಿ ಅವನು ಎಂಜಿನ್ ಸದ್ದನ್ನೇ ಕೇಳುತ್ತಿದ್ದ.

“ಸಪ್ಪಳ ಚಲೋ ಐತಿ,” ಎಂದ ಒಮ್ಮೆ.

ಕಾರು ಎಲ್ಲಿಯೂ ನಿಲ್ಲದೆ ತಂಪೂರು ಮುಟ್ಟಿತು. ವೈದ್ಯೆ ರಜಿಯಾ ಅವನ ಹೊಟ್ಟೆ ಮುಟ್ಟಿ ನೋಡಿ, ನೋವು ಯಾವಾಗಿನಿಂದ ಎಂದು ಕೇಳಿದರು. ಇವತ್ತಿನಿಂದ ಎಂದು ನಾನು ಹೇಳುವಷ್ಟರಲ್ಲಿ ಅಣ್ಣನೇ ಬಾಯಿಬಿಟ್ಟ: “ಮೂರ್ನಾಕು ದಿನ ಆತ್ರಿ. ದೂಳು ಇಳೀಲಿ ಅಂತ ಸುಮ್ಮನಿದ್ದೆ.”

ಕರುಳಿನ ಬಾಲ, ನೀವು ಅಪೆಂಡಿಕ್ಸ್ ಅನ್ನುವುದು, ಒಳಗೇ ಒಡೆದಿತ್ತು. ಶಸ್ತ್ರಚಿಕಿತ್ಸೆ ಮಾಡಿದರು. ಆ ವಾರ ಕಳೆಯುವುದರೊಳಗೆ ಅಣ್ಣ ಹೋದ. ಎಣ್ಣೆ ಬದಲಿಸಲು ಕಳೆದ ಹೊತ್ತೇ ಅವನನ್ನು ಕೊಂದಿತೆ ಎಂದು ವೈದ್ಯೆಯನ್ನು ಕೇಳಿದೆ.

“ಇಲ್ಲಮ್ಮ, ಅದು ಒಡೆದು ಆಗಲೇ ಒಂದೆರಡು ದಿನ ಆಗಿತ್ತು,” ಎಂದರು. “ಆ ಅರ್ಧ ಗಂಟೆ ಯಾವ ಲೆಕ್ಕಕ್ಕೂ ಇಲ್ಲ. ದಾರೀಲಿ ಕಾರು ನಿಂತಿದ್ದರೆ ನೀನೂ ಬರ್ತಿರಲಿಲ್ಲ.”

ತಂಪೂರಿನಲ್ಲೇ ಇರು ಎಂದು ಎಲ್ಲರೂ ಹೇಳಿದರು. ಹಟ್ಟಿಗಳವರಿಗೆ ಬೇರೆ ಕಾರಿಲ್ಲವಲ್ಲ, ವಾಪಸು ಬಂದೆ. ಬಂದ ದಿನ ಎರಡು ತಟ್ಟೆ ಹಾಕಿ, ಒಂದನ್ನು ತೆಗೆದಿಟ್ಟೆ. ಗಾಳಿಯ ಲೆಕ್ಕ ಹೇಳುವಾಗ ಬಿಟ್ಟರೆ ಈಗ ನನ್ನ ದನಿ ನನಗೇ ಕೇಳಿಸುವುದಿಲ್ಲ. ಈ ಸಲ ದೂಳು ಎದ್ದ ಮೇಲೆ ಸಣ್ಣಹಟ್ಟಿಯ ನಿಂಗವ್ವನನ್ನು ಹೆರಿಗೆಗೆಂದು ತಂಪೂರಿಗೆ ಮುಟ್ಟಿಸಿದೆ. ಹೆಣ್ಣು ಮಗು, ಚೆನ್ನಾಗಿದೆಯಂತೆ.

ಈಗ ನಿಮ್ಮಲ್ಲಿ ಒಂದು ಕೋರಿಕೆ. ಈ ವರ್ಷ ಔಡಲದ ಬೆಳೆ ಕೈಕೊಟ್ಟಿತು. ಹೊಸ ಎಣ್ಣೆ ಉಳಿದಿರುವುದು ಒಂದೇ ಡಬ್ಬಿ. ಇವತ್ತೇ ಹಾಕಿಬಿಟ್ಟರೆ ಮುಂದಿನ ದೂಳುಮಾಸಕ್ಕೆ ಏನೂ ಇರುವುದಿಲ್ಲ. ಹಾಕದೆ ಹೊರಟು ಎಂಜಿನ್ ಹಿಡಿದುಕೊಂಡರೆ, ಕಾರೂ ಇಲ್ಲ, ಒಳಗೆ ಕೂತವರೂ ಇಲ್ಲ. ಬೆಳಿಗ್ಗೆಯಿಂದ ಎಷ್ಟೋ ಸಲ ಕಡ್ಡಿ ಎಳೆದು ನೋಡಿದೆ. ಬಣ್ಣ ಕಪ್ಪಾಗಿದೆ, ಆದರೆ ಹೋದ ವರ್ಷದಷ್ಟು ಕಪ್ಪಲ್ಲ. ಬೆರಳಿಗೆ ಜಾರುತ್ತದೆ ಅನ್ನಿಸುತ್ತದೆ. ಮತ್ತೊಮ್ಮೆ ತಿಕ್ಕಿದರೆ ಅಂಟು ಅನ್ನಿಸುತ್ತದೆ. ಇನ್ನೊಬ್ಬರ ಬೆರಳು ಇಲ್ಲಿಲ್ಲ.

ನಿಮ್ಮಲ್ಲಿ ಬೀದಿಗೊಂದು ಗ್ಯಾರೇಜು ಇತ್ತಂತೆ, ಕೇಳಿದರೆ ಹೇಳುವವರು ಬೇಕಾದಷ್ಟು ಜನರಂತೆ. ಈ ಕಾಗದದ ಕೆಳಗಿನ ಮೂಲೆಯಲ್ಲಿ ಒಂದು ಹನಿ ಒತ್ತಿದ್ದೇನೆ. ಬೆಳಕಿಗೆ ಹಿಡಿದು ನೋಡಿ. ಬದಲಿಸಲೋ, ಇನ್ನೂ ಸ್ವಲ್ಪ ದಿನ ತಡೆಯಲೋ, ಹೇಳಿ.