ಎಡಗಡೆಯ ಕೂದಲು

೯ ಏಪ್ರಿಲ್, ಗುರುವಾರ

ಅಮ್ಮಾ,

ಕ್ಷೇಮ ಎಂದು ಶುರು ಮಾಡಲು ಕೈ ಬರುತ್ತಿಲ್ಲ. ಫೋನಿನಲ್ಲಿ ನೀನು ನನಗೆ ಬಾಯಿ ತೆರೆಯಲು ಬಿಡುವುದಿಲ್ಲ, ಅದಕ್ಕೇ ಈ ಕಾಗದ. ನೀನೇ ಓದು. ಅಪ್ಪನ ಕೈಗೆ ಕೊಟ್ಟು "ಏನ್ ಬರ್ದಿದಾಳೆ ನೋಡಿ" ಅನ್ನಬೇಡ.

ಡಾಕ್ಟರು ನನ್ನ ತಲೆಯ ಎಡಗಡೆಗೆ ಮಾತ್ರ ಔಷಧಿ ಹಚ್ಚುತ್ತಿದ್ದದ್ದು ಯಾಕೆಂದು ನಿನಗೆ ಹೇಳಿದ್ದೆ. ಕೂದಲು ತೇಪೆತೇಪೆಯಾಗಿ ಉದುರಿ ಬೋಳಾದ ತಲೆಯಲ್ಲಿ ಆ ಔಷಧಿ ಬೇಕೆಂದೇ ತುರಿಕೆ ಎಬ್ಬಿಸುತ್ತದೆ, ಆ ತುರಿಕೆಯಿಂದಲೇ ಕೂದಲು ಮತ್ತೆ ಹುಟ್ಟಬೇಕು. ಹಚ್ಚಿದ ಕಡೆ ಕೂದಲು ಬಂದು ನಿಂತರೆ ಮಾತ್ರ ಬಲಗಡೆಗೂ ಶುರು. ಚಳಿಗಾಲವೆಲ್ಲ ಉರಿಯುವ ತಲೆಯನ್ನು ಕೆರೆಯದೆ, ಕೈ ಕಟ್ಟಿಕೊಂಡು ಮಲಗಿದವಳು ನಾನು. ನಮ್ಮ ಕನ್ನಡಕದಂಗಡಿಯಲ್ಲಿ ಎತ್ತ ತಿರುಗಿದರೂ ಕನ್ನಡಿ; ಸ್ಕಾರ್ಫ್ ಬಿಗಿದುಕೊಂಡೇ ಗಿರಾಕಿಗಳಿಗೆ ಫ್ರೇಮು ತೋರಿಸಿದೆ. ಕೊನೆಗೆ ಬಂತು. ಮೊದಲು ಬೆಳ್ಳಗೆ, ಆಮೇಲೆ ಕಪ್ಪಗೆ, ಬೆರಳಿಗೆ ಸಿಗುವಷ್ಟು.

ಅದನ್ನು ಮೊದಲು ನಿನಗೆ ತೋರಿಸಬೇಕೆಂದು ಓಡಿ ಬಂದೆನಲ್ಲ, ನನಗೆ ಬುದ್ಧಿ ಇಲ್ಲ!

ತಂಗಿಯ ಮದುವೆಯ ಫೋಟೋಗೆ ಮುಂಚೆ "ಕತ್ತಿನ ಹತ್ರ ಒಂಚೂರು ಸರಿ ಮಾಡ್ತೀನಿ, ಕೂತ್ಕೋ" ಅಂದೆ ನೀನು. ಕೂತೆ. ಚಿಕ್ಕಂದಿನಿಂದ ನಿನ್ನ ಮುಂದೆ ತಲೆ ಬಗ್ಗಿಸಿ ಕೂತವಳಿಗೆ ಅನುಮಾನ ಎಲ್ಲಿಂದ ಬರಬೇಕು? ಅಪ್ಪನ ಗಡ್ಡದ ಮಷೀನು ಗುಂಯ್ ಅಂದಿತು, ಕೂದಲು ನನ್ನ ಮಡಿಲಿಗೆ ಬಿತ್ತು. ಕಿರುಚಿದರೆ "ಅರ್ಧ ಆಗೋಯ್ತು, ಅಲ್ಲಾಡ್ಬೇಡ" ಎಂದು ಉಳಿದದ್ದನ್ನೂ ತೆಗೆದೆ. "ನೋಡು, ಈಗ ಎರಡೂ ಕಡೆ ಸಮ ಆಯ್ತು" ಎಂದು ಖುಷಿಪಟ್ಟೆ. ನನ್ನ ತಲೆ ನೀನು ಅಂಚು ಹೊಲಿಯುವ ಲಂಗವಲ್ಲ ಅಮ್ಮ. ನಾಚಿಕೆ ಆದದ್ದು ನಿನಗೆ, ನನಗಲ್ಲ. ಅವತ್ತು ನಿನ್ನ ಹತ್ತಿರ ಬರುವಾಗ ಬಸ್ಸಿನಲ್ಲಿ ಸ್ಕಾರ್ಫನ್ನೇ ಬಿಚ್ಚಿ ಕೂತಿದ್ದೆ, ಗೊತ್ತಾ?

ಇವತ್ತು ಡಾಕ್ಟರು ನೋಡಿ, ಬುಡವೇನೋ ಇದೆ, ಆದರೆ ನಿಲ್ಲುವುದೋ ಉದುರುವುದೋ ಕಣ್ಣಾರೆ ನೋಡದೆ ಬಲಗಡೆ ಮುಟ್ಟುವುದಿಲ್ಲ ಎಂದರು. ಇನ್ನೂ ಮೂರು ತಿಂಗಳು ಕಾಯಬೇಕಂತೆ. ಕೂದಲು ತಾನೆ, ಮತ್ತೆ ಬರುತ್ತದೆ ಎಂದು ದಯವಿಟ್ಟು ಹೇಳಬೇಡ. ಅದು ಬರುವುದೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಬರುವವರೆಗೆ ನಾನು ಮನೆಗೆ ಬರುವುದಿಲ್ಲ.

ನಿನ್ನ ಮೇಲೆ ಕೆಂಡದಂಥ ಸಿಟ್ಟಿರುವ,
ದೊಡ್ಡವಳು

ಮರೆತಿದ್ದೆ: ಯಾರು ಬೋಳಿಸಿದ್ದು ಎಂದು ಡಾಕ್ಟರು ಕೇಳಿದಾಗ ನಾನೇ ಎಂದೆ. ನರ್ಸುಗಳ ಎದುರೇ ಚೆನ್ನಾಗಿ ಉಗಿದರು. ನಿನ್ನನ್ನು ಬೇರೆಯವರು ಬಯ್ಯುವುದು ನನಗಾಗುವುದಿಲ್ಲ. ಅದಕ್ಕೆ ನಾನಿದ್ದೇನೆ.